ಹನ್ನೊಂದು ಸಲ ಸುರಿದದ್ದು, ಒಂದು ಸಲ ಬರೆದದ್ದು

ಹೆಬ್ಬಾಳದ ರಾಳದ ಕಾರ್ಖಾನೆಯಲ್ಲಿ ನನಗೆ ಎರಡು ಹೆಸರಿದ್ದವು. ಹಾಜರಿ ಪುಸ್ತಕದಲ್ಲಿ ಲಲಿತಾ, ಕೆಳಗೆ ಹಂಡೆಗಳ ಬಳಿ ‘ಮಜ್ಜಿಗೆ ಮೇಡಂ’. ಮೊದಲನೆಯದು ಅಪ್ಪ ಅಮ್ಮ ಇಟ್ಟದ್ದು, ಎರಡನೆಯದು ನಾನೇ ಸಂಪಾದಿಸಿದ್ದು. ನಿವೃತ್ತಿಯ ದಿನ ಶಾಲು ಹೊದಿಸಿ ಭಾಷಣ ಮಾಡಿದವರೆಲ್ಲ ಮೊದಲನೆಯದನ್ನೇ ಹೇಳಿದರು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗುವುದು ಎರಡನೆಯದು. ಹಾಗಾಗಿ ಅದರ ಕಥೆಯನ್ನೇ ಬರೆಯುತ್ತೇನೆ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡಬೇಕು. ಚಾಮರಾಜಪುರದ ನಮ್ಮ ಬೀದಿಯವರು ಇಂದಿಗೂ ನಾನು ಬಣ್ಣ ಬೆರೆಸುತ್ತಿದ್ದೆ ಎಂದೇ ತಿಳಿದಿದ್ದಾರೆ. ನಾನು ಒಂದು ದಿನವೂ ಬಣ್ಣ ಬೆರೆಸಿದವಳಲ್ಲ. ಬಣ್ಣಕ್ಕೆ ಹಾಕುವ ರಾಳ ಹಂಡೆಯೊಳಗೆ ಹೇಗೆ ಬೆಳೆಯುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದೆ.

ಸೇರಿದ ಮೊದಲ ವಾರ ನನ್ನ ಮೇಲಧಿಕಾರಿ ಸೇತುಮಾಧವ ಅವರು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಚಹಾ ತಣ್ಣಗಾಗುವಷ್ಟರಲ್ಲಿ ಇಡೀ ಶಾಸ್ತ್ರವನ್ನು ಹೇಳಿಕೊಟ್ಟರು. “ನೋಡಮ್ಮ, ಎರಡು ಕೈ ಇರೋ ಅಣುಗಳು ಒಂದರ ಕೈ ಒಂದು ಹಿಡಿದುಕೊಂಡರೆ ಏನಾಗುತ್ತೆ? ಸಾಲು. ಉದ್ದನೆ ಸರಪಳಿ. ಅದರ ಜೊತೆಗೆ ಮೂರು ಕೈ ಇರೋವನ್ನ ಬಿಟ್ಟರೆ? ಕವಲು. ಕವಲಿಗೆ ಕವಲು. ಅಲ್ಲಲ್ಲಿ ಒಂದೇ ಕೈ ಇರೋವನ್ನೂ ಸೇರಿಸಿದರೆ ಕವಲಿನ ತುದಿ ಮುಚ್ಚಿಕೊಳ್ಳುತ್ತೆ. ಈ ಮೂರು ಥರದವು ಸೇರಿ ಆಗೋ ಪೊದೆ ಇದೆಯಲ್ಲ, ಅದೇ ನಮ್ಮ ರಾಳ.”

“ಪೊದೆ ಬೆಳೀತಾ ಹೋದರೆ?”

“ಅದೇ ಪ್ರಶ್ನೆ! ಒಂದು ಹಂತ ಬರುತ್ತೆ. ಅಲ್ಲಿವರೆಗೆ ಲಕ್ಷಾಂತರ ಬೇರೆ ಬೇರೆ ಪೊದೆಗಳು. ಅದು ದಾಟಿದ್ದೇ ತಡ, ಹಂಡೆ ತುಂಬ ಒಂದೇ ಪೊದೆ. ಹಂಡೆ ಕಟ್ಟಿಕೊಳ್ತು ಅಂತಾರೆ. ಆಮೇಲೆ ತಣ್ಣಗಾಗಿಸಿ ಒಳಗಿಳಿದು ಉಳಿಯಿಂದ ಕೆತ್ತಬೇಕು. ಆ ಹಂತ ಯಾವಾಗ ಬರುತ್ತೆ ಅಂತ ಮೊದಲೇ ಹೇಳೋದು ನಿನ್ನ ಕೆಲಸ.”

ಮೂವತ್ತೊಂದು ವರ್ಷ ನಾನು ಮಾಡಿದ್ದು ಇಷ್ಟೇ. ಕವಲು ಹೆಚ್ಚಿದ್ದಷ್ಟೂ ರಾಳ ತೆಳ್ಳಗೆ ಹರಿಯುತ್ತದೆ, ಅದನ್ನು ಸಡಿಲಿಸಲು ಘಾಟಿನ ದ್ರಾವಕ ಕಡಿಮೆ ಸಾಕು, ಬಣ್ಣ ಬಳಿಯುವವರ ಎದೆಗೆ ಅಷ್ಟು ಒಳ್ಳೆಯದು. ಆದ್ದರಿಂದ ಕವಲಿನ ಆಸೆ ಎಲ್ಲರಿಗೂ ಇತ್ತು. ಕಟ್ಟಿಕೊಳ್ಳುವ ಭಯವೂ ಎಲ್ಲರಿಗೂ ಇತ್ತು. ಎರಡರ ನಡುವಿನ ಗೆರೆ ಎಳೆಯುವವಳು ನಾನು.

ಆಗ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಾಗಿತ್ತು. ಒಂದು ಲೆಕ್ಕ ಕೊಟ್ಟು ಬಂದರೆ ಉತ್ತರಕ್ಕೆ ಮರುದಿನದವರೆಗೆ ಕಾಯಬೇಕು. ಒಂದು ಅಣುವಿನ ಪೊದೆ, ಎರಡು ಅಣುವಿನ ಪೊದೆ, ನೂರು ಅಣುವಿನ ಪೊದೆ ಎಂದು ಒಂದೊಂದಕ್ಕೂ ಒಂದೊಂದು ಸಮೀಕರಣ ಬರೆಯುತ್ತ ಕೂತರೆ ಆಯುಷ್ಯ ಸಾಲದು. ಹಾಗಾಗಿ ಎಲ್ಲವನ್ನೂ ಕೂಡಿಸಿ ಸರಾಸರಿಗಳಿಗೆ ಮಾತ್ರ ಸಮೀಕರಣ ಬರೆಯುತ್ತಿದ್ದೆವು. ಸರಾಸರಿ ತೂಕ ಗ್ರಾಫಿನಲ್ಲಿ ಮೆಲ್ಲಗೆ ಏರುತ್ತ ಏರುತ್ತ, ಒಂದು ಕಡೆ ಗೋಡೆಯ ಹಾಗೆ ನೆಟ್ಟಗೆ ನಿಂತುಬಿಡುತ್ತದೆ. ಆ ಗೋಡೆಯೇ ಹಂಡೆ ಕಟ್ಟುವ ಜಾಗ.

ಸೇರಿದ ಎರಡನೆಯ ವರ್ಷ, ನನ್ನ ಗೋಡೆ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತದೆ ಎಂದು ಲೆಕ್ಕ ಹೇಳಿತು. ಒಂಬತ್ತೂವರೆಗೆ ಹಂಡೆಯ ಬಳಿ ಓಡಿದೆ. ಅಲ್ಲಿ ಆಪರೇಟರ್ ಸಿದ್ದರಾಜು ಇದ್ದರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ತಿ. ನರಸೀಪುರದ ಕಡೆಯ ಹಳ್ಳಿಯಿಂದ ಬಂದವರು, ಹಂಡೆಯನ್ನು ಬಿಟ್ಟು ಬೇರೆ ಕಡೆ ನೋಡಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

“ಸಿದ್ದರಾಜು, ನಿಲ್ಲಿಸಿ! ಈಗಲೇ ಇಳಿಸಿ! ಇನ್ನರ್ಧ ಗಂಟೆಗೆ ಕಟ್ಟಿಕೊಳ್ಳುತ್ತೆ.”

“ಎಲ್ಲಿ ಕಟ್ಕತದೆ ಮೇಡಮ್ಮೋರೆ? ಇನ್ನೂ ನೀರು ನೀರಾಗದೆ.”

“ಲೆಕ್ಕ ಹೇಳ್ತಿದೆ ಕಣ್ರೀ. ಇಳಿಸಿ ಅಂದೆನಲ್ಲ.”

ಇಳಿಸಿದರು. ಡ್ರಮ್ಮಿಗೆ ಬಿದ್ದದ್ದು ರಾಳವಲ್ಲ, ಶುದ್ಧ ಮಜ್ಜಿಗೆ. ಇಡೀ ಬ್ಯಾಚ್ ಹಾಳು. ಮಧ್ಯಾಹ್ನದ ಶಿಫ್ಟಿನವರು ಬಸ್ಸಿಳಿದು ಗೇಟು ದಾಟುವಷ್ಟರಲ್ಲಿ ನನಗೆ ಹೆಸರಿಟ್ಟಾಗಿತ್ತು. ಮರುದಿನ ಕ್ಯಾಂಟೀನಿನಲ್ಲಿ ನನ್ನ ಊಟದ ತಟ್ಟೆಯ ಪಕ್ಕ ಯಾರೋ ಎರಡು ಲೋಟ ಮಜ್ಜಿಗೆ ಇಟ್ಟಿದ್ದರು. ನಕ್ಕೆ, ಆದರೆ ಮನೆಗೆ ಹೋಗಿ ಅತ್ತೆ.

ಸೇತುಮಾಧವರು ಬೈಯಲಿಲ್ಲ. “ನಿನ್ನ ಸಮೀಕರಣದಲ್ಲಿ ಒಂದು ಪೊದೆಯ ಕೈ ಯಾವಾಗಲೂ ಇನ್ನೊಂದು ಪೊದೆಯ ಕೈಯನ್ನೇ ಹಿಡಿಯುತ್ತೆ. ನಿಜದಲ್ಲಿ ತನ್ನ ಕೈಯನ್ನ ತಾನೇ ಹಿಡಿದುಕೊಳ್ಳೋದೂ ಉಂಟು. ಕೈ ಕಟ್ಟಿ ಕೂತವನು ಇನ್ಯಾರನ್ನ ಹಿಡೀತಾನೆ? ಅಷ್ಟರ ಮಟ್ಟಿಗೆ ಹಂಡೆ ಕಟ್ಟೋದು ತಡ,” ಎಂದರು. ನಾನು ಸಮೀಕರಣಕ್ಕೆ ಇನ್ನೊಂದು ಪದ ಸೇರಿಸಿದೆ. ಆ ಪದಕ್ಕೆ ಒಂದು ಸ್ಥಿರಾಂಕ ಬೇಕಿತ್ತು. ಪ್ರಯೋಗಾಲಯದ ಗಾಜಿನ ಫ್ಲಾಸ್ಕಿನಲ್ಲಿ ಅಳೆದರೆ ಅದು ಚಿಕ್ಕದಾಗಿ ಬಂತು. ಹಂಡೆಯ ಬ್ಯಾಚ್ ಹಾಳೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ಅದರ ಮೂರರಷ್ಟು ಬಂತು.

“ಯಾಕೆ ಹೀಗೆ?” ಎಂದರು ಅವರು.

“ಫ್ಲಾಸ್ಕ್ ಚಿಕ್ಕದು ಸಾರ್, ಹಂಡೆ ದೊಡ್ಡದು. ಕಲಕೋ ರೀತಿ ಬೇರೆ,” ಎಂದೆ.

ಹಂಡೆಯ ಸ್ಥಿರಾಂಕ ಹಾಕಿದ ಮೇಲೆ ನನ್ನ ಗೆರೆ ಎಲ್ಲ ಹಳೆಯ ಬ್ಯಾಚ್‌ಗಳ ಚುಕ್ಕೆಗಳ ಮೇಲೆ ಅಳತೆ ತೆಗೆದು ಹೊಲಿದ ರವಿಕೆಯ ಹಾಗೆ ಕೂತಿತು. ಸೇತುಮಾಧವರು ಗ್ರಾಫನ್ನು ತಿರುಗಿಸಿ ತಿರುಗಿಸಿ ನೋಡಿ, “ಲಲಿತಾ, ಗೆರೆ ಇಷ್ಟು ಚೆನ್ನಾಗಿ ಕೂತರೆ ನನಗೆ ಅನುಮಾನ,” ಎಂದರು. ವಯಸ್ಸಾದವರ ಹೊಟ್ಟೆಯುರಿ ಎಂದುಕೊಂಡೆ. ದೇವರು ಕ್ಷಮಿಸಲಿ, ನಿಜವಾಗಿ ಹಾಗೆಯೇ ಅಂದುಕೊಂಡೆ. ಅವರು ನಿವೃತ್ತರಾದ ಮೇಲೆ ಆ ಗ್ರಾಫಿಗೆ ಕಟ್ಟು ಹಾಕಿಸಿ ನನ್ನ ಮೇಜಿನ ಹಿಂದೆ ನೇತುಹಾಕಿದೆ.

ವರ್ಷಗಳು ಕಳೆದವು. ದೊಡ್ಡ ಕಂಪ್ಯೂಟರ್ ಹೋಗಿ ಮೇಜಿನ ಮೇಲಿನದು ಬಂತು, ಅದು ಹೋಗಿ ತೊಡೆಯ ಮೇಲಿನದು ಬಂತು. ಸರಾಸರಿಯ ಲೆಕ್ಕದ ಜೊತೆಗೆ ಒಂದೊಂದು ಅಣುವಿಗೂ ದಾಳ ಹಾಕಿ ಯಾರ ಕೈ ಯಾರಿಗೆ ಸಿಕ್ಕಿತು ಎಂದು ನೋಡುವ ಲೆಕ್ಕವೂ ಬಂತು. ಮರುದಿನದವರೆಗೆ ಕಾಯುತ್ತಿದ್ದ ಉತ್ತರ ಚಹಾ ಕುಡಿಯುವಷ್ಟರಲ್ಲಿ ಬರತೊಡಗಿತು. ಎಷ್ಟು ಹೊಸ ವಿಧಾನ ಬಂದರೂ ಒಳಗೆ ಕೂತಿದ್ದದ್ದು ಅದೇ ಹಳೆಯ ಸ್ಥಿರಾಂಕ. ಲೆಕ್ಕ ಎಂದೂ ತಪ್ಪಲಿಲ್ಲ. ಸಿದ್ದರಾಜುವೇ ಒಮ್ಮೆ, “ಈಗ ನಿಮ್ಮ ಲೆಕ್ಕ ಪರ್ವಾಗಿಲ್ಲ ಬುಡಿ,” ಎಂದಾಗ ಪ್ರಶಸ್ತಿ ಬಂದಷ್ಟು ಹಿಗ್ಗಿದ್ದೆ.

ಆಮೇಲೆ ಪಂಪು ಬಂತು. ಮೂರು ಕೈಯ ಸಾಮಗ್ರಿಯನ್ನು ಕೈಯಿಂದ ಸುರಿಯುವ ಬದಲು ತಾನಾಗಿಯೇ ಸುರಿಯುವ ಯಂತ್ರ. ಯಾವಾಗ, ಎಷ್ಟು ಸುರಿಯಬೇಕೆಂದು ಅದಕ್ಕೆ ಆದೇಶ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹಳೆಯ ಬ್ಯಾಚ್ ಹಾಳೆಗಳನ್ನೆಲ್ಲ ತೆಗೆದು ನೋಡಿದೆ. ಎಲ್ಲದರಲ್ಲೂ ಒಂದೇ ಸಾಲು: ಮೂರು ಕೈಯ ಸಾಮಗ್ರಿ, ಒಂಬತ್ತು ಗಂಟೆ, ಪೂರ್ತಿ. ಕೆಳಗೆ ಸಿದ್ದರಾಜುವಿನ ರುಜು. ಅದನ್ನೇ ಆದೇಶ ಮಾಡಿದೆ.

ಪಂಪು ಚಾಲೂ ಮಾಡುವ ಬೆಳಿಗ್ಗೆ ಸಿದ್ದರಾಜು ಆದೇಶದ ಹಾಳೆಯನ್ನು ಎರಡು ಸಲ ಓದಿದರು. ಆಗ ಅವರ ನಿವೃತ್ತಿಗೆ ಇನ್ನೆರಡು ವರ್ಷವಿತ್ತು.

“ಒಂದೇ ಸಲಾನಾ ಮೇಡಮ್ಮೋರೆ?”

“ನೀವು ಇಷ್ಟು ವರ್ಷ ಬರೆದಿರೋದೇ ಅದಲ್ಲವಾ?”

ಅವರು ನನ್ನ ಮುಖ ನೋಡಿದರು. ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. “ನಿಮ್ಮಿಷ್ಟ,” ಎಂದು ಪಕ್ಕಕ್ಕೆ ನಿಂತರು. ನಾನು ಗುಂಡಿ ಒತ್ತಿದೆ.

ನನ್ನ ಲೆಕ್ಕದ ಪ್ರಕಾರ ಗೋಡೆ ಇನ್ನೂ ಬಲು ದೂರವಿತ್ತು. ಹತ್ತು ಗಂಟೆಗೆ ಕಲಕುವ ಮೋಟರು ನರಳಿತು. ಹತ್ತೂ ಕಾಲಿಗೆ ನಿಂತೇ ಹೋಯಿತು. ಮುಚ್ಚಳದ ಗಾಜಿನಿಂದ ಬಗ್ಗಿ ನೋಡಿದರೆ, ಹಂಡೆ ತುಂಬ ಜೇನಿನ ಬಣ್ಣದ ಒಂದೇ ಗಟ್ಟಿ. ಅಷ್ಟು ವರ್ಷ ಕಾಗದದ ಮೇಲೆ ಬರೆದಿದ್ದನ್ನು ಅವತ್ತು ಮೊದಲ ಸಲ ಕಣ್ಣಾರೆ ಕಂಡೆ.

ವರ್ಕ್ಸ್ ಮ್ಯಾನೇಜರ್ ಪ್ರಭಾಕರ್ ಕೆಟ್ಟವರಲ್ಲ, ಆದರೆ ಮೇಲಿನವರಿಗೆ ಒಂದು ಹೆಸರು ಕೊಡಲೇಬೇಕಿತ್ತು. ಪಂಪು ಹೊಸದು, ಪರೀಕ್ಷೆಯಾಗಿದೆ. ಲೆಕ್ಕ ಇಪ್ಪತ್ತು ವರ್ಷ ತಪ್ಪಿಲ್ಲ. ಉಳಿದದ್ದು ಹಂಡೆಯ ಪಕ್ಕದಲ್ಲಿದ್ದ ಮನುಷ್ಯ. ಪಂಪು ಬಂದರೆ ತನ್ನ ಕೆಲಸಕ್ಕೆ ಕುತ್ತು ಎಂದು ಸಿದ್ದರಾಜುವೇ ಏನೋ ಕಿತಾಪತಿ ಮಾಡಿರಬೇಕು ಎಂದು ಯಾರೋ ಊದಿದರು. ಸೋಮವಾರ ವಿಚಾರಣೆ, ಅಲ್ಲಿಯವರೆಗೆ ಕಾರ್ಖಾನೆಗೆ ಬರಕೂಡದು ಎಂದು ಅವರ ಕೈಗೆ ಪತ್ರ ಕೊಟ್ಟರು. ತಪ್ಪು ಸಾಬೀತಾದರೆ ಕೆಲಸದಿಂದ ವಜಾ. ಸಿದ್ದರಾಜು ಊಟದ ಡಬ್ಬಿ ತೆಗೆದುಕೊಂಡು ಹೊರಟರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಎರಡು ದಿನ ನನ್ನ ಸಮೀಕರಣಗಳನ್ನೇ ತಡವಿದೆ. ತಪ್ಪು ಸಿಗಲಿಲ್ಲ. “ಒಂದೇ ಸಲಾನಾ” ಎಂದ ಅವರ ಮಾತು ಮಾತ್ರ ಕಿವಿಯಿಂದ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ವಿಜಯನಗರದ ಕೊನೆಯ ಹಂತದಲ್ಲಿದ್ದ ಅವರ ಮನೆ ಹುಡುಕಿಕೊಂಡು ಹೋದೆ.

ಬಾಗಿಲು ತೆರೆದೇ ಇತ್ತು. ಹೆಂಡತಿ ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಒಳಗಿನಿಂದ ಒಗ್ಗರಣೆಯ ವಾಸನೆ. ಅಡುಗೆಮನೆಯಿಂದಲೇ ಸಿದ್ದರಾಜು ಕೂಗಿದರು:

“ಬನ್ನಿ ಮೇಡಮ್ಮೋರೆ, ಕೂತ್ಕಳಿ. ಈಗ ಕೈ ಬುಡಂಗಿಲ್ಲ.”

ನಾನು ಕೂರದೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಉಪ್ಪಿಟ್ಟು ಮಾಡುತ್ತಿದ್ದರು. ನೀರು ಕುದಿಯುತ್ತಿತ್ತು. ಎಡಗೈಯ ಮುಷ್ಟಿಯಿಂದ ರವೆ ಸಣ್ಣಗೆ ಉದುರುತ್ತಿತ್ತು, ಬಲಗೈಯ ಸೌಟು ಒಂದೇ ಸಮನೆ ತಿರುಗುತ್ತಿತ್ತು. ಒಂದು ಮುಷ್ಟಿ ಮುಗಿದ ಮೇಲೆ ತುಸು ನಿಂತು, ಬಗ್ಗಿ ನೋಡಿ, ಇನ್ನೊಂದು ಮುಷ್ಟಿ. ನಾನೂ ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಮಾಡುವುದು ಹೀಗೆಯೇ. ಒಮ್ಮೆಗೇ ಸುರಿದರೆ ಗಂಟಾಗುತ್ತದೆಂದು ಅಮ್ಮ ನನಗೆ ಹತ್ತು ವರ್ಷವಿದ್ದಾಗಲೇ ಹೇಳಿಕೊಟ್ಟಿದ್ದಳು.

“ಸಿದ್ದರಾಜು, ಹಂಡೆಗೂ ಹೀಗೇ ಹಾಕ್ತಿದ್ದಿರಾ?”

ಸೌಟು ನಿಂತಿತು. ಅವರು ಒಲೆ ಆರಿಸಿ, ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿದರು.

“ಹನ್ನೊಂದ್ ಸಲ ಮೇಡಮ್ಮೋರೆ. ಕೆಲ್ವು ದಪ ಹತ್ತು. ಮೋಟ್ರು ಸದ್ದು ನೋಡ್ಕಂಡು ಹಾಕಾದು, ಸಾಕು ಅನ್ಸುದ್ರೆ ಮಿಕ್ಕುದ್ದ ಬುಡಾದು. ಒಂದೇ ಸಲ ಸುರುದ್ಬುಟ್ರೆ ಕಟ್ಕತದೆ ಅಂತ ನಂಗೆ ಸೇರಿದ್ ವರ್ಸಾನೇ ಗೊತ್ತಾಯ್ತು.”

“ಮತ್ತೆ ಹಾಳೆಯಲ್ಲಿ ಒಂದೇ ಸಲ ಅಂತ ಬರೆದಿದ್ದೀರಿ?”

“ಹಾಳೇಲಿ ಇರಾದು ಒಂದೇ ಚೌಕ. ಅದ್ರಾಗೆ ಹನ್ನೊಂದು ಟೈಮು ಎಂಗ್ ಬರೀಲಿ? ಮೊದಲ್ನೇ ಸಲದ್ದು ಬರ್ದೆ.”

“ಅವತ್ತು ಪಂಪಿನ ಮುಂದೆ ಯಾಕೆ ಹೇಳಲಿಲ್ಲ?”

“ಎಂಗ್ ಯೋಳ್ಳಿ? ಇಪ್ಪತ್ ವರ್ಸ ಸುಳ್ಳು ಬರ್ದೆ ಅಂತ ಯೋಳ್ದಂಗಾಯ್ತದೆ. ಅದಕ್ ಮುಂಚೆ ಯೋಳಾನ ಅಂದ್ರೆ...” ಅವರು ಬಾಣಲೆಯ ಮೇಲೆ ತಟ್ಟೆ ಮುಚ್ಚಿದರು. “ಯಾರೂ ಕೇಳ್ಲಿಲ್ಲ ಕಣಮ್ಮ. ನೀವು ದಿನಾ ಬಂದು ಹಾಳೆ ಈಸ್ಕಂಡೋಗೋರಿ. ಹಂಡೆ ತಾವ ನಿಂತ್ಕಂಡು, ಎಂಗ್ ಮಾಡ್ತೀಯಪ್ಪ ಅಂತ ಒಂದಿನಾನೂ ಕೇಳ್ಲಿಲ್ಲ.”

ಕೋಪದಿಂದ ಹೇಳಿದ್ದರೆ ಸಹಿಸಬಹುದಿತ್ತು. ಅವರು ಹೇಳಿದ್ದು ನನ್ನ ಬಗ್ಗೆ ಮರುಕದಿಂದ. ನಮ್ಮ ಮನೆತನದಲ್ಲಿ ಓದಿಗೆ ಎಂದೂ ಕೊರತೆ ಇರಲಿಲ್ಲ. ಅಜ್ಜ, ಅಪ್ಪ ಎಲ್ಲ ಕಾಗದ ನೋಡಿ ಬಾಳಿದವರು. ಕಾಗದದಲ್ಲಿ ಇರುವುದೇ ಲೋಕದಲ್ಲಿ ನಡೆದದ್ದು ಎಂದು ನಾನು ನಂಬಿದ್ದೆ. ಫ್ಲಾಸ್ಕಿನ ಮೂರರಷ್ಟು ಬಂದ ನನ್ನ ಸ್ಥಿರಾಂಕ ಅಣುಗಳು ತಮ್ಮ ಕೈ ತಾವೇ ಹಿಡಿದುಕೊಂಡದ್ದರಿಂದ ಬಂದದ್ದಾಗಿರಲಿಲ್ಲ. ಅದರ ಬಹುಪಾಲು ಸಿದ್ದರಾಜುವಿನ ಕೈ. ಕೊಂಚ ಕೊಂಚವಾಗಿ ಸುರಿದರೆ, ಹಿಂದಿನ ಕಂತಿನ ಕೈಗಳನ್ನು ಒಂಟಿ ಕೈಯವು ಹಿಡಿದು ಮುಚ್ಚಿದ ಮೇಲೆ ಮುಂದಿನ ಕಂತು ಬರುತ್ತದೆ, ಪೊದೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದು ತಡವಾಗುತ್ತದೆ. ಇಪ್ಪತ್ತು ವರ್ಷ ನಾನು ಒಬ್ಬ ಮನುಷ್ಯನ ಜಾಣತನವನ್ನು ಅಳೆದು, ಅದಕ್ಕೆ ಅಣುವಿನ ಗುಣ ಎಂದು ಹೆಸರಿಟ್ಟು, ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೆ.

ಉಪ್ಪಿಟ್ಟು ತಿಂದೆವು. ಒಂದು ಗಂಟೂ ಇರಲಿಲ್ಲ.

ಸೋಮವಾರದ್ದು ಅತ್ತ ದರಿ ಇತ್ತ ಪುಲಿ. ನಿಜ ಹೇಳಿದರೆ ಸಿದ್ದರಾಜು ದಾಖಲೆಯಲ್ಲಿ ಸುಳ್ಳು ಬರೆದರೆಂದು ಕೆಲಸ ಹೋಗುತ್ತದೆ. ಹೇಳದಿದ್ದರೆ ಕಿತಾಪತಿ ಮಾಡಿದರೆಂದು ಹೋಗುತ್ತದೆ. ಬೆಳಿಗ್ಗೆ ಏಳಕ್ಕೇ ಪ್ರಯೋಗಾಲಯಕ್ಕೆ ಹೋಗಿ ಎರಡು ಫ್ಲಾಸ್ಕ್ ಹೂಡಿದೆ. ಒಂದಕ್ಕೆ ಮೂರು ಕೈಯ ಸಾಮಗ್ರಿ ಒಮ್ಮೆಗೇ, ಇನ್ನೊಂದಕ್ಕೆ ಹನ್ನೊಂದು ಸಲ. ಬೇಯುವುದನ್ನು ಕಾಯುತ್ತ ಖಾಲಿ ಬ್ಯಾಚ್ ಹಾಳೆಯೊಂದನ್ನು ಕೈಯಲ್ಲಿ ಹಿಡಿದು ಕೂತೆ. ಆ ಒಂಟಿ ಚೌಕವನ್ನೇ ನೋಡುತ್ತಿದ್ದವಳ ಕಣ್ಣು ಹಾಳೆಯ ತಳದ ಸಣ್ಣ ಅಕ್ಷರದ ಮೇಲೆ ಬಿತ್ತು. ‘ನಮೂನೆ ತಯಾರಿಸಿದವರು’ ಎಂಬುದರ ಮುಂದೆ ನನ್ನದೇ ಇನಿಷಿಯಲ್ಲು. ಕೆಲಸಕ್ಕೆ ಸೇರಿದ ಮೊದಲ ವರ್ಷ ಸೇತುಮಾಧವರು ಹೇಳಿದ್ದಕ್ಕೆ ಗೀಟು ಹಾಕಿ ಮಾಡಿದ ನಮೂನೆ ಅದು. ನಾನು ಮರೆತೇಬಿಟ್ಟಿದ್ದೆ.

ವಿಚಾರಣೆಯ ಕೋಣೆಗೆ ಎರಡು ಫ್ಲಾಸ್ಕನ್ನೂ ಆ ಹಾಳೆಯನ್ನೂ ತೆಗೆದುಕೊಂಡು ಹೋದೆ. ಸಿದ್ದರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮೊದಲ ಫ್ಲಾಸ್ಕನ್ನು ಬೋರಲು ಹಾಕಿದೆ. ಏನೂ ಬೀಳಲಿಲ್ಲ. ಎರಡನೆಯದನ್ನು ಬಗ್ಗಿಸಿದೆ. ರಾಳ ಎಣ್ಣೆಯ ಹಾಗೆ ಹರಿಯಿತು.

“ಮೊದಲನೆಯದು ನನ್ನ ಆದೇಶ. ಎರಡನೆಯದು ಸಿದ್ದರಾಜು ಇಪ್ಪತ್ತು ವರ್ಷ ಮಾಡಿಕೊಂಡು ಬಂದದ್ದು,” ಎಂದೆ.

ಪ್ರಭಾಕರ್ ಹಾಳೆ ನೋಡಿದರು. “ಹಾಗಾದರೆ ದಾಖಲೆ ಸುಳ್ಳು ಅಂತಾಯ್ತಲ್ಲ ಮೇಡಂ?”

“ಸುಳ್ಳೇ. ಆದರೆ ನಿಜ ಬರೆಯೋದಕ್ಕೆ ಆ ಹಾಳೆಯಲ್ಲಿ ಜಾಗ ಎಲ್ಲಿದೆ, ತೋರಿಸಿ. ಆ ಹಾಳೆ ಮಾಡಿದವಳು ನಾನು. ಹಂಡೆ ಹತ್ತಿರ ನಿಂತು ಒಂದು ದಿನವೂ ನೋಡದೆ ಲೆಕ್ಕ ಮಾಡಿದವಳೂ ನಾನು. ಗುಂಡಿ ಒತ್ತಿದವಳೂ ನಾನೇ. ಪತ್ರ ಕೊಡೋದಾದರೆ ನನಗೆ ಕೊಡಿ.”

ಕೊಟ್ಟರು. ಅದರ ಪರಿಣಾಮಗಳ ಕಥೆ ಇಲ್ಲಿ ಬೇಡ. ಅದರಿಂದ ನನಗೆ ಒಂದು ಹೊತ್ತಿನ ಊಟವೂ ತಪ್ಪಲಿಲ್ಲ. ಸಿದ್ದರಾಜು ಮರುದಿನ ಕೆಲಸಕ್ಕೆ ಬಂದರು. ಕಟ್ಟಿಕೊಂಡ ಹಂಡೆ ತಣ್ಣಗಾಗಿ, ಗಾಳಿ ಹಾಯಿಸಿ ಪರೀಕ್ಷೆಯಾದ ಮೇಲೆ, ಒಳಗಿಳಿದು ಕೆತ್ತುವವರ ಜೊತೆ ನಾನೂ ಹೆಲ್ಮೆಟ್ ಹಾಕಿಕೊಂಡು ಇಳಿದೆ. ನಾನು ಕೆತ್ತಿದ್ದು ಬಹಳವಿಲ್ಲ, ಅಂಗೈಯಲ್ಲಿ ಬೊಬ್ಬೆ ಎದ್ದದ್ದೇ ಹೆಚ್ಚು. ಮೇಲಿನಿಂದ ಯಾರೋ, “ಮಜ್ಜಿಗೆ ಮೇಡಮ್ಮು ಈಗ ಮೊಸ್ರು ಮಾಡ್ಬುಟ್ರು ಕಣ್ರೋ!” ಎಂದು ಕೂಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಹೊಸ ಹಾಳೆ ಮಾಡಿದೆ. ಈ ಸಲ ಹಂಡೆಯ ಪಕ್ಕ ಸ್ಟೂಲು ಹಾಕಿಕೊಂಡು, ಸಿದ್ದರಾಜುವನ್ನು ಕೇಳಿ ಕೇಳಿ ಮಾಡಿದೆ. ಮೂರು ಕೈಯ ಸಾಮಗ್ರಿಗೆ ಹದಿನೈದು ಸಾಲು. ಕೊನೆಗೆ ಗೀಟಿಲ್ಲದ ಒಂದು ಖಾಲಿ ಜಾಗ, ಅದರ ಮೇಲೆ ‘ನೀವು ಕಂಡದ್ದು, ಮಾಡಿದ್ದು’ ಎಂದು ಬರೆದೆ. ಸಿದ್ದರಾಜು ಆ ಹಾಳೆಯನ್ನು ತುಂಬಿದ ಮೊದಲ ದಿನ ಹನ್ನೊಂದು ಸಾಲಿನಲ್ಲಿ ಹನ್ನೊಂದು ಸಮಯ ಬರೆದಿದ್ದರು. ಖಾಲಿ ಜಾಗದಲ್ಲಿ ದಪ್ಪ ಅಕ್ಷರದಲ್ಲಿ: ‘ಹನ್ನೆರಡನೇ ಸಲ ಹಾಕಲಿಲ್ಲ. ಹಂಡೆ ಸಾಕು ಅಂತು.’

ಗಾಜಿನ ಫ್ಲಾಸ್ಕಿನ ಹಳೆಯ ಚಿಕ್ಕ ಸ್ಥಿರಾಂಕವನ್ನೇ ಹಾಕಿ, ಆ ಹನ್ನೊಂದು ಸಮಯವನ್ನೂ ಸಮೀಕರಣಕ್ಕೆ ಕೊಟ್ಟೆ. ಗೆರೆ ಹಂಡೆಯ ಅಳತೆಗೆ ಹತ್ತಿರ ಬಂತು. ಮೊದಲಿನಷ್ಟು ಅಂದವಾಗಿ ಕೂರಲಿಲ್ಲ, ಅಲ್ಲಲ್ಲಿ ಚುಕ್ಕೆಗಳು ಹೊರಗೇ ಉಳಿದವು. ಸುಮ್ಮನೆ ಕುತೂಹಲಕ್ಕೆ ಹನ್ನೆರಡನೆಯದನ್ನೂ ಸುರಿದು ನೋಡಿದೆ. ಗೆರೆ ನೆಟ್ಟಗೆ ಮೇಲೆದ್ದು ಗೋಡೆಯಾಯಿತು. ಗೋಡೆಗೆ ನೇತುಹಾಕಿದ್ದ ಹಳೆಯ ಗ್ರಾಫನ್ನು ಅವತ್ತೇ ಇಳಿಸಿದೆ. ಪಂಪು ಈಗಲೂ ಇದೆ, ಹನ್ನೊಂದು ಸಲವೇ ಸುರಿಯುತ್ತದೆ.

ಕಳೆದ ವಾರ ಚಂದನಾ ಎಂಬುವಳು ಚಾಮರಾಜಪುರದ ನಮ್ಮ ಮನೆಗೆ ಬಂದಿದ್ದಳು. ನಾನು ಬಿಟ್ಟ ಮೇಜಿಗೆ ಈಗ ಬಂದು ಕೂತಿರುವವಳು. ಲ್ಯಾಪ್‌ಟಾಪ್ ತೆರೆದು, ಹಳೆಯ ಬ್ಯಾಚ್‌ಗಳನ್ನೆಲ್ಲ ನುಂಗಿ ತಾನೇ ಕಲಿಯುವ ಹೊಸ ಲೆಕ್ಕವೊಂದನ್ನು ತೋರಿಸಿದಳು. ಗೆರೆ ಚುಕ್ಕೆಗಳ ಮೇಲೆ ರವಿಕೆಯ ಹಾಗೆ ಕೂತಿತ್ತು. ಸೇತುಮಾಧವರ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಮುಪ್ಪಿನ ಹೊಟ್ಟೆಯುರಿ ಎಂದುಕೊಂಡಾಳು. ಬದಲಿಗೆ ಒಳಗೆ ಹೋಗಿ, ಸಿದ್ದರಾಜು ಮೊದಲ ದಿನ ತುಂಬಿದ ಹಾಳೆಯ ಜೆರಾಕ್ಸ್ ತಂದು ಕೈಗೆ ಕೊಟ್ಟೆ. ಕಥೆಯನ್ನೇನೂ ಹೇಳಲಿಲ್ಲ.

ಅವಳು ಹನ್ನೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಕೊನೆಯ ದಪ್ಪ ಅಕ್ಷರಗಳ ಮುಂದೆ ಬೆರಳು ನಿಂತಿತು.

“ಹಂಡೆ ಸಾಕು ಅಂತು... ಇವರಿಗೆ ಹೇಗೆ ಗೊತ್ತಾಯ್ತು ಮೇಡಂ?”

ನಾನು ಅವಳ ಕಾಫಿಯ ಲೋಟವನ್ನು ಹತ್ತಿರ ಸರಿಸಿದೆ.

“ಇವರು ಈಗ ಎಲ್ಲಿದ್ದಾರೆ? ನಾನು ಹೋಗಿ ಕೇಳಬಹುದಾ?”

ಆ ಪ್ರಶ್ನೆಗೆ ಬರಲು ನನಗೆ ಇಪ್ಪತ್ತು ವರ್ಷವೂ ಒಂದು ಹಂಡೆಯೂ ಬೇಕಾಯಿತು. ಅವಳು ಕಾಫಿ ಮುಗಿಸುವ ಮೊದಲೇ ಕೇಳಿದ್ದಳು. ಕಣ್ಣು ತುಂಬಿ ಬಂದದ್ದನ್ನು ಅವಳು ನೋಡದಿರಲೆಂದು ಎದ್ದು ನನ್ನ ಲೋಟ ಒಳಗಿಟ್ಟು ಬಂದೆ.

ಸಿದ್ದರಾಜುವಿಗೆ ಫೋನ್ ಮಾಡಿದೆ. “ಮೇಡಮ್ಮೋರೆ, ಚೆನ್ನಾಗಿದ್ದೀರಾ? ಏನ್ ಸಮಾಚಾರ?” ಎಂದರು.

“ನಮ್ಮ ಆಫೀಸಿನ ಹೊಸ ಹುಡುಗಿ ಬಂದಿದ್ದಾಳೆ ಸಿದ್ದರಾಜು. ನಿಮ್ಮನ್ನ ಏನೋ ಕೇಳಬೇಕಂತೆ.”

ಆ ಕಡೆ ಪಾತ್ರೆ ತೆಗೆದ ಸದ್ದಾಯಿತು.

“ಈಗ್ಲೇ ಕರ್ಕಂಡ್ ಬನ್ನಿ,” ಎಂದರು. “ನೀರಿಕ್ಕಿರ್ತೀನಿ. ರವೆ ಮಾತ್ರ ಆ ಮಗು ಬಂದ್ಮೇಲೇ ಹಾಕಾದು.”